ಹಿಮಾಲಯನ್ 411: ಇಬ್ಬರು ಕುಳಿತ ಮೇಲೆ ಸಾಮಾನಿಗೆ ಜಾಗ ಎಲ್ಲಿ?

ಒಂಟಿಕೊಪ್ಪಲು_ಸವಾರ (ಮೈಸೂರು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2021ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಇದೆ. ಬರುವ ಸೆಪ್ಟೆಂಬರಿನಲ್ಲಿ ನಾನೂ ನನ್ನ ಪತ್ನಿಯೂ ಮನಾಲಿಯಿಂದ ಲೇಹ್‌ಗೆ ಏರಿ, ಕಾರ್ಗಿಲ್, ದ್ರಾಸ್, ಶ್ರೀನಗರದ ಮಾರ್ಗವಾಗಿ ಇಳಿದು ಬರಬೇಕೆಂದುಕೊಂಡಿದ್ದೇವೆ. ಯಶವಂತಪುರದಿಂದ ಚಂಡೀಗಢದವರೆಗೆ ನಾವೂ ಬೈಕೂ ರೈಲಿನಲ್ಲಿ ಹೋಗುವುದರಿಂದ, ಸಾಮಾನು ಹೇರುವ ಪ್ರಶ್ನೆ ಏಳುವುದು ಅಲ್ಲಿಂದ ಮುಂದಕ್ಕೆ.

ಒಬ್ಬನೇ ಓಡಾಡುವಾಗ ಹಿಂದಿನ ಸೀಟಿನ ಮೇಲೆ ದೊಡ್ಡದೊಂದು ಟೇಲ್ ಬ್ಯಾಗ್ ಬಿಗಿದರೆ ಎಲ್ಲವೂ ಹಿಡಿಸುತ್ತಿತ್ತು. ಈಗ ಸಾಮಾನು ಇಬ್ಬರದಾಗಿದೆ, ಆ ಸೀಟು ಮಾತ್ರ ಸಾಮಾನಿಗೆ ಸಿಗುವುದಿಲ್ಲ. ಚಳಿಯ ಬಟ್ಟೆ, ಮಳೆಯ ಉಡುಪು, ಪಾನಾಗಳು, ಟ್ಯೂಬುಗಳು, ಔಷಧಿ, ಕ್ಯಾಮೆರಾ, ಜೊತೆಗೆ ಚಿಕ್ಕದೊಂದು ಟೆಂಟು ಮತ್ತು ಇಬ್ಬರ ಸ್ಲೀಪಿಂಗ್ ಬ್ಯಾಗುಗಳನ್ನೂ ಪಟ್ಟಿಗೆ ಸೇರಿಸಿದ್ದೇನೆ. ನನಗೆ ಕಾಣುತ್ತಿರುವ ದಾರಿಗಳು ಮೂರು: ಎರಡೂ ಬದಿಗೆ ಅಲ್ಯೂಮಿನಿಯಂ ಪ್ಯಾನಿಯರ್ ಪೆಟ್ಟಿಗೆ ಹಾಕಿಸುವುದು, ರ‍್ಯಾಕ್ ಕೂರಿಸಿ ಬಟ್ಟೆಯ ಸ್ಯಾಡಲ್ ಬ್ಯಾಗ್ ತೂಗಿಸುವುದು, ಅಥವಾ ಹಿಂದಿನ ಕ್ಯಾರಿಯರ್ ಮೇಲೆ ಟಾಪ್ ಬಾಕ್ಸ್ ಕೂರಿಸುವುದು. ನಮ್ಮ ಬಡಾವಣೆಯ ವೆಲ್ಡಿಂಗ್ ಅಂಗಡಿಯವರು ಇನ್ನೊಂದು ಉಪಾಯ ಹೇಳುತ್ತಿದ್ದಾರೆ. ಚೌಕದ ಪೈಪು ಬೆಸೆದು ಕ್ಯಾರಿಯರನ್ನು ಒಂದು ಅಡಿ ಹಿಂದಕ್ಕೆ ಚಾಚಿದರೆ ಹಳೆಯ ಟೇಲ್ ಬ್ಯಾಗೇ ಅಲ್ಲಿ ಕೂರುತ್ತದೆ ಎಂಬುದು ಅವರ ಮಾತು. ಖರ್ಚಿನ ದೃಷ್ಟಿಯಿಂದ ಅದೇ ಅಗ್ಗವಾದ್ದರಿಂದ ಮನಸ್ಸು ಆ ಕಡೆಗೆ ವಾಲುತ್ತಿದೆ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ನಟ್ಟುಬೋಲ್ಟು (ಹುಬ್ಬಳ್ಳಿ) ಉತ್ತರ:

ಕ್ಯಾರಿಯರನ್ನು ಹಿಂದಕ್ಕೆ ಚಾಚುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಕಾರಣವನ್ನು ಲೆಕ್ಕದ ಮೂಲಕವೇ ಹೇಳುತ್ತೇನೆ.

ನಿಮ್ಮ ಬೈಕಿನ ಎರಡು ಚಕ್ರಗಳ ಅಚ್ಚುಗಳ ನಡುವಿನ ದೂರ 1,465 ಮಿಲಿಮೀಟರ್. ಚಾಚಿದ ಕ್ಯಾರಿಯರ್ ಮೇಲೆ ಹದಿನೈದು ಕಿಲೊ ತೂಕದ ಬ್ಯಾಗನ್ನು ಇಟ್ಟಿದ್ದೀರಿ, ಅದರ ನಡುಭಾಗ ಹಿಂದಿನ ಅಚ್ಚಿಗಿಂತ ಅರ್ಧ ಮೀಟರ್ ಹಿಂದೆ ಬಿದ್ದಿದೆ ಎಂದುಕೊಳ್ಳಿ. ಆಗ ಹಿಂದಿನ ಚಕ್ರವು ಹದಿನೈದಲ್ಲ, ಸುಮಾರು ಇಪ್ಪತ್ತು ಕಿಲೊ ಹೆಚ್ಚುವರಿ ಭಾರವನ್ನು ಹೊರುತ್ತದೆ. ಹೆಚ್ಚಾದ ಆ ಐದು ಕಿಲೊ ಬಂದದ್ದು ಮುಂದಿನ ಚಕ್ರದಿಂದ, ಏಕೆಂದರೆ ಅಚ್ಚಿನ ಹಿಂದೆ ಬಿದ್ದ ಭಾರವು ಅಚ್ಚನ್ನೇ ಆನಿಕೆಯಾಗಿ ಮಾಡಿಕೊಂಡು ಮುಂಭಾಗವನ್ನು ಮೇಲಕ್ಕೆ ಎತ್ತುತ್ತದೆ. ಐದು ಕಿಲೊ ಅಲ್ಪವೆಂದು ತೋರಬಹುದು. ಆದರೆ ಹಿಂದೆ ಒಬ್ಬರು ಕುಳಿತಾಗಲೇ ಮುಂದಿನ ಚಕ್ರದ ಪಾಲು ಕಡಿಮೆಯಾಗಿರುತ್ತದೆ, ಲೇಹ್ ದಾರಿಯ ಬಾರಾಲಾಚಾ ಕಣಿವೆಯಂತಹ ಏರಿನಲ್ಲಿ ಅದು ಮತ್ತಷ್ಟು ಹಗುರಾಗುತ್ತದೆ, ಅದರ ಮೇಲೆ ಸಡಿಲ ಜಲ್ಲಿ ಬಂದರೆ ಹ್ಯಾಂಡಲ್ ತಿರುಗಿಸಿದ ಕಡೆಗೆ ಬೈಕು ಹೋಗುವುದೇ ಇಲ್ಲ. ಸಮತಟ್ಟಾದ ಹೆದ್ದಾರಿಯಲ್ಲಿ ಇದೇ ದೋಷ ಬೇರೆ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ: ವೇಗ ಎಂಬತ್ತು, ತೊಂಬತ್ತು ದಾಟುತ್ತಿದ್ದಂತೆ ಲಾರಿಯೊಂದರ ಗಾಳಿ ಬಡಿದರೂ ಸಾಕು, ಹಿಂಭಾಗವು ನಿಧಾನವಾಗಿ ಅತ್ತಿತ್ತ ತೂಗಾಡಲು ಆರಂಭಿಸುತ್ತದೆ. ಸವಾರರು ಇದಕ್ಕೆ ಟೈರನ್ನು ದೂರುತ್ತಾರೆ, ಹ್ಯಾಂಡಲ್ ತಿರುಗುವ ಬೇರಿಂಗಾದ ಬಾಲ್‌ರೇಸನ್ನು ದೂರುತ್ತಾರೆ, ಕ್ಯಾರಿಯರ್ ಮೇಲಿನ ಮೂಟೆಯನ್ನು ಯಾರೂ ದೂರುವುದಿಲ್ಲ.

ನೀವು ಎಷ್ಟು ಲೀಟರ್ ಜಾಗ ಬೇಕೆಂದು ಯೋಚಿಸುತ್ತಿದ್ದೀರಿ. ಮೊದಲು ಎಷ್ಟು ಕಿಲೊ ಉಳಿದಿದೆ ಎಂದು ನೋಡಿ, ಆಮೇಲೆ ಅದನ್ನು ಎಲ್ಲಿ ಇಡಬೇಕೆಂದು ನಿರ್ಧರಿಸಿ. ಕೈಪಿಡಿಯಲ್ಲಿ ಬೈಕು, ಜನ, ಸಾಮಾನು ಎಲ್ಲ ಸೇರಿದ ಗರಿಷ್ಠ ತೂಕವನ್ನು ಕೊಟ್ಟಿರುತ್ತಾರೆ. ಅದರಿಂದ ಬೈಕಿನ ಸ್ವಂತ ತೂಕವಾದ 199 ಕಿಲೊವನ್ನು ಕಳೆಯಿರಿ (ಇದರಲ್ಲಿ ಪೆಟ್ರೋಲಿನ ತೂಕವೂ ಸೇರಿದೆ, ಮತ್ತೆ ಕಳೆಯಬೇಡಿ). ಬಳಿಕ ನಿಮ್ಮಿಬ್ಬರ ತೂಕವನ್ನು ಹೆಲ್ಮೆಟ್, ಜಾಕೆಟ್, ಬೂಟುಗಳ ಸಮೇತ ಕಳೆಯಿರಿ. ಉಳಿದ ಅಂಕಿಯೇ ನಿಮ್ಮ ಸಾಮಾನಿನ ಮಿತಿ. ಪೆಟ್ಟಿಗೆಯೂ ರ‍್ಯಾಕೂ ಅದರಲ್ಲಿಯೇ ಪಾಲು ಪಡೆಯುತ್ತವೆ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ಒಂದು ಅಲ್ಯೂಮಿನಿಯಂ ಪೆಟ್ಟಿಗೆ ಖಾಲಿ ಇರುವಾಗಲೇ ನಾಲ್ಕೈದು ಕಿಲೊ ತೂಗುತ್ತದೆ. ಎರಡು ಪೆಟ್ಟಿಗೆ, ಎರಡು ಬದಿಯ ರ‍್ಯಾಕು ಸೇರಿದರೆ ಒಂದು ಜೊತೆ ಬಟ್ಟೆ ಇಡುವ ಮೊದಲೇ ಹತ್ತು ಕಿಲೊಗಿಂತ ಹೆಚ್ಚು ಖರ್ಚಾಗಿರುತ್ತದೆ.

ಇನ್ನು ಹಂಚಿಕೆ. ಭಾರವಾದ ವಸ್ತು ಕೆಳಗೆ ಮತ್ತು ಮುಂದೆ ಇರಬೇಕು, ಹಗುರವಾದ ಆದರೆ ಗಾತ್ರದ ವಸ್ತು ಮೇಲೆ ಮತ್ತು ಹಿಂದೆ ಹೋಗಬಹುದು. ಹಿಮಾಲಯನ್‌ನ ಟ್ಯಾಂಕಿನ ಎರಡೂ ಬದಿಗೆ ಕಂಪನಿಯೇ ಕಬ್ಬಿಣದ ಕಂಬಿಯ ಚೌಕಟ್ಟನ್ನು ಕೊಟ್ಟಿರುವುದು ಈ ಬೈಕಿನ ದೊಡ್ಡ ಅನುಕೂಲ. ಆ ಕಂಬಿಗಳಿಗೆ ಕಟ್ಟುವ ಚಿಕ್ಕ ಚೀಲಗಳು ಸಿಗುತ್ತವೆ. ಪಾನಾ, ಟೈರ್ ಲಿವರ್, ಟ್ಯೂಬು, ಗಾಳಿ ಪಂಪು, ಚೈನಿನ ಎಣ್ಣೆ, ಕ್ಲಚ್ ಕೇಬಲ್, ನೀರಿನ ಬಾಟಲಿ ಎಲ್ಲವೂ ಅಲ್ಲಿಗೆ ಹೋಗಲಿ. ಹ್ಯಾಂಡಲನ್ನು ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ, ಚೀಲವು ಎಲ್ಲಿಯೂ ತಡೆಯುವುದಿಲ್ಲ ಎಂದು ಖಚಿತಪಡಿಸಿಕೊಳ್ಳಿ. 2021ರ ಮಾದರಿಯಲ್ಲಿ ಎತ್ತರದ ಸವಾರರ ಮೊಣಕಾಲಿಗೆ ತಾಗದಿರಲೆಂದು ಈ ಕಂಬಿಗಳನ್ನು ಮೊದಲಿಗಿಂತ ಮೊಟಕುಗೊಳಿಸಿದ್ದಾರೆ. ಆದ್ದರಿಂದ ಹಳೆಯ ಮಾದರಿಗೆಂದು ಹೊಲಿದ ಚೀಲ ನಿಮ್ಮದಕ್ಕೆ ಸರಿಯಾಗಿ ಕೂರದಿರಬಹುದು. ಕೊಳ್ಳುವ ಮುನ್ನ ಬೈಕಿಗೆ ಕಟ್ಟಿ ನೋಡಿ.

ಟೆಂಟು ಮತ್ತು ಸ್ಲೀಪಿಂಗ್ ಬ್ಯಾಗ್ ಏಕೆ ಬೇಕೆಂದು ನನಗೆ ತಿಳಿಯಲಿಲ್ಲ. ಆ ದಾರಿಯಲ್ಲಿ ಜಿಸ್ಪಾ, ಸರ್ಚು, ಪಾಂಗ್‌ಗಳಲ್ಲಿ ಋತುವಿನುದ್ದಕ್ಕೂ ಹಾಸಿಗೆ, ರಜಾಯಿ ಸಮೇತ ಟೆಂಟುಗಳು ಬಾಡಿಗೆಗೆ ಸಿಗುತ್ತವೆ.

ಹಿಂದಿನ_ಸೀಟು (ಶಿವಮೊಗ್ಗ) ಉತ್ತರ:

ಮೇಲಿನ ಲೆಕ್ಕವೆಲ್ಲ ಸರಿಯೇ. ಆದರೆ ಹಿಂದೆ ಕೂರುವವರನ್ನು ಅದರಲ್ಲಿ ಬರಿಯ ಒಂದು ತೂಕವಾಗಿ ಮಾತ್ರ ಎಣಿಸಲಾಗಿದೆ. ನಾನು ನಮ್ಮವರ ಹಿಂದೆ ಕುಳಿತು ಘಟ್ಟದ ಮೇಲೂ ಕೆಳಗೂ, ಉತ್ತರದ ಬೆಟ್ಟಗಳಲ್ಲೂ ಸಾಕಷ್ಟು ತಿರುಗಿದವಳಾದ್ದರಿಂದ ಆ ಸೀಟಿನ ಕಡೆಯ ಮಾತನ್ನು ಹೇಳುತ್ತೇನೆ.

ಮೊದಲನೆಯದು ಹತ್ತಿ ಇಳಿಯುವ ಸಂಗತಿ. ಬದಿಗೆ ಪೆಟ್ಟಿಗೆ, ಹಿಂದೆ ಚೀಲ ಬಂದ ಮೇಲೆ ಕಾಲನ್ನು ಬೀಸಿ ಹಾಕಿ ಕೂರಲು ಸಾಧ್ಯವೇ ಇಲ್ಲ. ಎಡ ಫುಟ್‌ರೆಸ್ಟಿನ ಮೇಲೆ ನಿಂತು, ಸವಾರರ ಹೆಗಲನ್ನು ಹಿಡಿದು, ಮೊಣಕಾಲನ್ನು ಮಡಚಿ ಬಲಗಾಲನ್ನು ಚೀಲಕ್ಕೂ ಅವರ ಬೆನ್ನಿಗೂ ನಡುವೆ ತೂರಿಸಬೇಕಾಗುತ್ತದೆ. ಆ ಕ್ಷಣದಲ್ಲಿ ನಮ್ಮ ಪೂರ್ತಿ ಭಾರ ಎಡಬದಿಗೆ ಬೀಳುವುದರಿಂದ, ಸವಾರರು ಎರಡೂ ಕಾಲನ್ನು ನೆಲಕ್ಕೆ ಊರಿ, ಮುಂದಿನ ಬ್ರೇಕ್ ಹಿಡಿದು, ‘ಹತ್ತು’ ಎಂದು ಹೇಳಿದ ಮೇಲೆಯೇ ಹತ್ತುವ ಅಭ್ಯಾಸವನ್ನು ಇಬ್ಬರೂ ಮಾಡಿಕೊಳ್ಳಬೇಕು. ಇದನ್ನು ಮನೆಯ ಮುಂದೆ, ಸಾಮಾನು ಹೇರಿದ ಸ್ಥಿತಿಯಲ್ಲಿಯೇ ಕಲಿಯಿರಿ. ಸರ್ಚುವಿನ ಗಾಳಿಯಲ್ಲಿ ಮೂರು ಪದರ ಬಟ್ಟೆ ಧರಿಸಿಕೊಂಡು ಕಲಿಯುವ ವಿದ್ಯೆಯಲ್ಲ ಇದು.

ಎರಡನೆಯದು ಹಿಮ್ಮಡಿ. ಸ್ಯಾಡಲ್ ಬ್ಯಾಗನ್ನು ಮುಂದಕ್ಕೆ ತಂದಷ್ಟೂ ಒಳ್ಳೆಯದೆಂಬ ಮಾತನ್ನು ನಂಬಿ ನಮ್ಮವರು ಒಮ್ಮೆ ಚೀಲವನ್ನು ಫುಟ್‌ರೆಸ್ಟಿನ ಪಕ್ಕಕ್ಕೇ ತಂದು ಕಟ್ಟಿದ್ದರು. ಇಡೀ ದಿನ ನನ್ನ ಪಾದಗಳು ಹೊರಕ್ಕೆ ತಿರುಚಿಕೊಂಡೇ ಇದ್ದವು. ಪತ್ನಿಯವರು ಬೂಟು ಧರಿಸಿ ಕುಳಿತಾಗ ಹಿಮ್ಮಡಿಯ ಹಿಂದೆ ನಾಲ್ಕು ಬೆರಳಿನಷ್ಟಾದರೂ ಜಾಗ ಉಳಿಯುವಂತೆ ನೋಡಿಕೊಳ್ಳಿ.

ಮೂರನೆಯದು ಬೆನ್ನಿನ ಆಸರೆ. ಟಾಪ್ ಬಾಕ್ಸನ್ನು ಎಲ್ಲರೂ ಬೈಯುತ್ತಾರೆ, ಆದರೆ ಏರಿನಲ್ಲಿ ಹಿಂದಕ್ಕೆ ಜಾರುವ ಭಯ ಹೋಗುವುದು ಬೆನ್ನಿನ ಹಿಂದೆ ಏನಾದರೂ ಇದ್ದಾಗ ಮಾತ್ರ. ನನ್ನ ಅಭಿಪ್ರಾಯದಲ್ಲಿ ಅದಕ್ಕೆ ಗಟ್ಟಿ ಪೆಟ್ಟಿಗೆಗಿಂತ ಉರುಳೆಯ ಆಕಾರದ ಜಲನಿರೋಧಕ ಚೀಲವೇ ಮೇಲು. ಅದರೊಳಗೆ ಜಾಕೆಟ್, ಉಣ್ಣೆಯ ಬಟ್ಟೆ ಮಾತ್ರ ತುಂಬಿ ಕ್ಯಾರಿಯರಿನ ಮೇಲೆ ಅಡ್ಡಲಾಗಿ ಬಿಗಿದರೆ ತೂಕವೂ ಆಗುವುದಿಲ್ಲ, ಗುಂಡಿಗೆ ಇಳಿದಾಗ ಬೆನ್ನುಮೂಳೆಗೆ ಬಡಿಯುವುದೂ ಇಲ್ಲ. ಕೊಕ್ಕೆಯ ರಬ್ಬರ್ ಹಗ್ಗದಿಂದ ಮಾತ್ರ ಕಟ್ಟಬೇಡಿ. ಅದು ಎಳೆದುಕೊಂಡು ಸಡಿಲವಾಗುತ್ತದೆ, ಜಾರಿದರೆ ನೇರವಾಗಿ ಚೈನಿಗೋ ಚಕ್ರಕ್ಕೋ ಸುತ್ತಿಕೊಳ್ಳುತ್ತದೆ. ಬಕಲ್ ಇರುವ ಅಗಲದ ಪಟ್ಟಿಗಳನ್ನು ಬಳಸಿ, ಬಿಗಿದ ಮೇಲೆ ಉಳಿದ ತುದಿಯನ್ನು ಸುತ್ತಿ ಒಳಕ್ಕೆ ಸಿಕ್ಕಿಸಿ.

ಟೆಂಟಿನ ವಿಷಯದಲ್ಲಿ ನಟ್ಟುಬೋಲ್ಟು ಅವರ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಸ್ಲೀಪಿಂಗ್ ಬ್ಯಾಗಿನ ಬದಲು ಒಳಗೆ ಹೊದೆಯುವ ತೆಳುವಾದ ಹೊದಿಕೆ ಒಂದೊಂದು ಇದ್ದರೆ, ಬೇರೆಯವರು ಹೊದ್ದ ರಜಾಯಿಯ ಮುಜುಗರವೂ ತಪ್ಪುತ್ತದೆ.

ಪೆಟ್ಟಿಗೆ_ಪಕ್ಷ (ಬೆಂಗಳೂರು) ಉತ್ತರ:

ಇಲ್ಲಿ ಎಲ್ಲರೂ ಚೀಲದ ಕಡೆ ವಾಲುತ್ತಿರುವುದರಿಂದ ಪೆಟ್ಟಿಗೆಯ ಪರವಾಗಿ ನಾಲ್ಕು ಮಾತು. ಊಟಕ್ಕೆಂದು ಢಾಬಾದಲ್ಲಿ ನಿಲ್ಲಿಸಿದಾಗ ಬೀಗ ಹಾಕಿ ನಿಶ್ಚಿಂತೆಯಿಂದ ಒಳಗೆ ಹೋಗಬಹುದು. ಮಳೆ ಬಂದಾಗ ಹೊದಿಕೆ ಹುಡುಕಬೇಕಾಗಿಲ್ಲ. ಕ್ಯಾಮೆರಾ ಲೆನ್ಸಿನಂತಹ ವಸ್ತುವಿಗೆ ಅದಕ್ಕಿಂತ ಭದ್ರ ಜಾಗವಿಲ್ಲ. ರಾತ್ರಿ ತಂಗುವ ಕೋಣೆ ಮೂರನೆಯ ಮಹಡಿಯಲ್ಲಿದ್ದರೆ, ಒಳಚೀಲವನ್ನು ಮಾತ್ರ ಎತ್ತಿಕೊಂಡು ಹೋದರಾಯಿತು.

ಆದರೂ ಈ ಪ್ರವಾಸಕ್ಕೆ, ಇಬ್ಬರ ಸವಾರಿಗೆ, ಬದಿಯ ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ನಾನೂ ಶಿಫಾರಸು ಮಾಡಲಾರೆ. ಬಲಬದಿಯಲ್ಲಿ ಸೈಲೆನ್ಸರ್ ಮೇಲಕ್ಕೆ ಎದ್ದಿರುವುದರಿಂದ ಆ ಬದಿಯ ರ‍್ಯಾಕು ಹೊರಕ್ಕೆ ಚಾಚಿಕೊಳ್ಳುತ್ತದೆ. ಎರಡೂ ಪೆಟ್ಟಿಗೆ ಸೇರಿದ ಒಟ್ಟು ಅಗಲ ಹ್ಯಾಂಡಲಿನ ಅಗಲವನ್ನು ಮೀರಿದರೆ, ಹ್ಯಾಂಡಲ್ ತೂರಿದ ಸಂದಿಯಲ್ಲಿ ಪೆಟ್ಟಿಗೆ ತೂರುವುದಿಲ್ಲ. ಕಿರಿದಾದ ಘಟ್ಟದಲ್ಲಿ ಎದುರಿನಿಂದ ಸೇನೆಯ ಲಾರಿಗಳ ಸಾಲು ಬಂದಾಗ ಇದು ಸಣ್ಣ ವಿಷಯವಲ್ಲ. ಇನ್ನೊಂದು ಅಪಾಯವೂ ಇದೆ. ನೀರು ಹರಿಯುವ ನಾಲಾ ದಾಟುವಾಗ ಆಯ ತಪ್ಪಿ ಕಾಲೂರಿದರೆ, ಬೈಕು ಮುಂದಕ್ಕೆ ಸರಿದು ಮೀನಖಂಡವು ಪೆಟ್ಟಿಗೆಯ ಅಂಚಿಗೂ ನೆಲಕ್ಕೂ ನಡುವೆ ಸಿಕ್ಕಿಕೊಳ್ಳುತ್ತದೆ. ಬಟ್ಟೆಯ ಚೀಲವಾದರೆ ಅದೇ ಜಾಗದಲ್ಲಿ ಮಡಚಿಕೊಳ್ಳುತ್ತದೆ.

ಟಾಪ್ ಬಾಕ್ಸ್ ಬೇಕೇ ಬೇಕೆಂದರೆ ಚಿಕ್ಕದನ್ನು ಕೊಳ್ಳಿ. ಒಳಗೆ ಅಂಟಿಸಿದ ಚೀಟಿಯಲ್ಲಿರುವ ತೂಕದ ಮಿತಿಯನ್ನೂ ಕ್ಯಾರಿಯರಿನ ಮಿತಿಯನ್ನೂ ಓದಿ, ಎರಡರಲ್ಲಿ ಕಡಿಮೆಯಿರುವುದನ್ನು ಪಾಲಿಸಿ. ಪೆಟ್ಟಿಗೆ ಎಷ್ಟೇ ದೊಡ್ಡದಿದ್ದರೂ ಆ ಮಿತಿ ಸಾಮಾನ್ಯವಾಗಿ ಹತ್ತು ಕಿಲೊದ ಆಸುಪಾಸಿನಲ್ಲಿಯೇ ಇರುತ್ತದೆ.

ಒಂಟಿಕೊಪ್ಪಲು_ಸವಾರ ಬರೆದದ್ದು:

ಎಲ್ಲರಿಗೂ ಧನ್ಯವಾದಗಳು. ಕೈಪಿಡಿ ತೆರೆದು, ಇಬ್ಬರೂ ಪೂರ್ತಿ ಸವಾರಿಯ ಉಡುಪಿನಲ್ಲಿ ತಕ್ಕಡಿಯ ಮೇಲೆ ನಿಂತು ನೋಡಿದೆವು. ಸಾಮಾನಿಗೆ ಉಳಿಯುವ ತೂಕ ನಾನು ಊಹಿಸಿದ್ದರ ಅರ್ಧವೂ ಇಲ್ಲ. ಟೆಂಟು, ಸ್ಲೀಪಿಂಗ್ ಬ್ಯಾಗ್ ಎರಡನ್ನೂ ಪಟ್ಟಿಯಿಂದ ತೆಗೆದಿದ್ದೇವೆ. ಬದಿಗೆ ರ‍್ಯಾಕು ಮತ್ತು ಬಟ್ಟೆಯ ಸ್ಯಾಡಲ್ ಬ್ಯಾಗ್, ಮುಂದಿನ ಕಂಬಿಗಳಿಗೆ ಚಿಕ್ಕ ಚೀಲಗಳು, ಹಿಂದೆ ಹಗುರವಾದ ಒಂದು ಉರುಳೆ ಚೀಲ ಎಂದು ಬಹುತೇಕ ನಿರ್ಧಾರವಾಗಿದೆ.

ಎರಡು ಸಂದೇಹಗಳು ಉಳಿದಿವೆ. ಸಿದ್ಧ ರ‍್ಯಾಕಿನ ಬದಲು ಅದೇ ಅಳತೆಯಲ್ಲಿ ಇಲ್ಲಿಯೇ ಮಾಡಿಸಿಕೊಂಡರೆ ತೊಂದರೆಯಿದೆಯೇ? ಮನಾಲಿ-ಲೇಹ್ ದಾರಿಯಲ್ಲಿ ಟಾಂಡಿ ಎಂಬ ಊರಿನ ಬಂಕಿನ ನಂತರ ಪೆಟ್ರೋಲ್ ಸಿಗುವುದಿಲ್ಲ ಎನ್ನುತ್ತಾರೆ, ಎರಡು ಕ್ಯಾನುಗಳಿಗೆ ಜಾಗ ಬಿಡಬೇಕೇ?

ಕಲಾಸಿಪಾಳ್ಯ_ಕಬ್ಬಿಣ (ಬೆಂಗಳೂರು) ಉತ್ತರ:

ರ‍್ಯಾಕಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಇದು ನನ್ನ ಕಸುಬಿಗೆ ಹತ್ತಿರದ್ದು. ಒಳ್ಳೆಯ ಕೈಗಾರರು ಮಾಡಿದ ರ‍್ಯಾಕು ಕಂಪನಿಯದಕ್ಕೆ ಕಡಿಮೆಯೇನಲ್ಲ. ಆದರೆ ಅದು ಬೈಕಿನಲ್ಲಿ ಈಗಾಗಲೇ ಇರುವ ಬೋಲ್ಟಿನ ತೂತುಗಳಿಗೇ ಕೂರಬೇಕು. ಚಾಸಿಗೆ ಏನನ್ನೂ ಬೆಸೆಯಲು ಬಿಡಬೇಡಿ. ಬೆಸುಗೆಯ ಪಕ್ಕದ ಲೋಹವು ಕಾವಿಗೆ ತನ್ನ ಗುಣವನ್ನು ಕಳೆದುಕೊಳ್ಳುತ್ತದೆ, ಮುಂದೆ ಬಿರುಕು ಬಿಡುವುದು ಬೆಸುಗೆಯಲ್ಲಲ್ಲ, ಅದರ ಅಂಚಿನಲ್ಲಿ. ಅಷ್ಟೇ ಅಲ್ಲದೆ, ನಿಮ್ಮದು ಇಸಿಯು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕ, ಇರುವ ಬೈಕು. ಬೈಕಿನ ಮೇಲಿಟ್ಟುಕೊಂಡೇ ವೆಲ್ಡಿಂಗ್ ಮಾಡಿದರೆ, ಬ್ಯಾಟರಿ ತಂತಿ ಬಿಚ್ಚದಿದ್ದ ಪಕ್ಷದಲ್ಲಿ ಆ ಇಸಿಯು ಸುಟ್ಟುಹೋಗಬಹುದು. ಅಳತೆ ತೆಗೆದುಕೊಂಡು, ರ‍್ಯಾಕನ್ನು ಬೈಕಿನಿಂದ ಹೊರಗೆ ಬೆಸೆದು, ಆಮೇಲೆ ತಂದು ಕೂರಿಸುವುದೇ ಕ್ರಮ.

ಎಡ ಬಲದ ರ‍್ಯಾಕುಗಳನ್ನು ನಂಬರ್ ಪ್ಲೇಟಿನ ಹಿಂದಿನಿಂದ ಹಾದುಹೋಗುವ ಒಂದು ಅಡ್ಡಪಟ್ಟಿಯಿಂದ ಜೋಡಿಸಿ. ಇಲ್ಲದಿದ್ದರೆ ಪ್ರತಿ ಗುಂಡಿಗೂ ಎರಡೂ ಒಳಕ್ಕೆ ಹೊರಕ್ಕೆ ಅಲುಗಾಡಿ ಬೋಲ್ಟಿನ ಕತ್ತನ್ನು ಕತ್ತರಿಸುತ್ತವೆ. ನೈಲಾನ್ ಉಂಗುರದ ನಟ್ಟು ಹಾಕಿ, ಒಳಕ್ಕೆ ತಿರುಗುವ ಬೋಲ್ಟಿಗೆ ಸಡಿಲವಾಗದಂತೆ ಹಿಡಿಯುವ ನೀಲಿ ಥ್ರೆಡ್‌ಲಾಕರ್ ಅಂಟು ಹಚ್ಚಿ, ಮೊದಲ ದಿನದ ಓಟದ ನಂತರ ಒಮ್ಮೆ ಎಲ್ಲವನ್ನೂ ಬಿಗಿದು ನೋಡಿ. ಬಲಬದಿಯಲ್ಲಿ ಸೈಲೆನ್ಸರಿಗೂ ಚೀಲಕ್ಕೂ ನಡುವೆ ಮೂರು ಬೆರಳಿನಷ್ಟು ಅಂತರವಿರಲಿ. ಬೈಕು ನಿಂತಿರುವಾಗ ಅಲ್ಲ, ಇಬ್ಬರೂ ಕುಳಿತು ಹಿಂಭಾಗ ಕುಗ್ಗಿದಾಗ ಆ ಅಂತರವನ್ನು ಅಳೆಯಬೇಕು.

ಕಾನೂನಿನ ವಿಷಯವನ್ನೂ ಹೇಳಿಬಿಡುತ್ತೇನೆ. ನೋಂದಣಿಯಲ್ಲಿರುವ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ತಡೆಯುತ್ತದೆ. ಚಾಸಿಯನ್ನು ಉದ್ದ ಮಾಡುವಂತಹ ಕೆಲಸಕ್ಕೆ ಕೈಹಾಕದಿರಲು ಇದೂ ಒಂದು ಕಾರಣ. ಹಗುರವಾದ ಪೆಟ್ಟಿಗೆಗೆ ಕೇಂದ್ರ ಸಾರಿಗೆ ಸಚಿವಾಲಯ 2020ರಲ್ಲಿ ನಿಯಮ ರೂಪಿಸಿದೆ: ಉದ್ದ 550, ಅಗಲ 510, ಎತ್ತರ 500 ಮಿಲಿಮೀಟರ್ ಮೀರಬಾರದು, ಅದನ್ನು ಹಿಂಬದಿ ಸವಾರರ ಜಾಗದಲ್ಲಿ ಇಟ್ಟರೆ ಒಬ್ಬರೇ ಓಡಿಸಬೇಕು, ಅದರ ಹಿಂದೆ ಇಟ್ಟರೆ ಇಬ್ಬರು ಹೋಗಬಹುದು. ಏನನ್ನೇ ಕಟ್ಟಿದರೂ ನಂಬರ್ ಪ್ಲೇಟು, ಹಿಂದಿನ ದೀಪ, ಇಂಡಿಕೇಟರು ಮೂರೂ ಕಾಣುತ್ತಿರಲಿ.

ನಟ್ಟುಬೋಲ್ಟು ಉತ್ತರ:

ಪೆಟ್ರೋಲಿನ ಬಗ್ಗೆ. ಮುಂದಿನ ಬಂಕು 365 ಕಿಲೋಮೀಟರ್ ದೂರದಲ್ಲಿದೆ ಎಂಬ ಟಾಂಡಿಯ ಫಲಕ ಪ್ರಸಿದ್ಧವಾದದ್ದು. ಅದು ಲೇಹ್‌ವರೆಗಿನ ದೂರ. ಲೇಹ್‌ಗೆ ಸುಮಾರು 35 ಕಿಲೋಮೀಟರ್ ಮೊದಲು ಕಾರುವಿನಲ್ಲಿ ಬಂಕು ಇದೆ. ನಿಮ್ಮ ಟ್ಯಾಂಕು ಹಿಡಿಸುವುದು 15 ಲೀಟರ್. ಇಬ್ಬರ ಭಾರ, ಏರು, ತೆಳುವಾದ ಗಾಳಿ ಎಲ್ಲ ಸೇರಿ ಲೀಟರಿಗೆ 25 ಕಿಲೋಮೀಟರಿಗೆ ಇಳಿದರೂ 375 ಕಿಲೋಮೀಟರ್ ಸಿಗುತ್ತದೆ. ಟಾಂಡಿಯಲ್ಲಿ ಟ್ಯಾಂಕು ತುಂಬಿಸಿದರೆ ಕ್ಯಾನಿಲ್ಲದೆಯೂ ಹೋಗಬಹುದು, ಆದರೆ ರಸ್ತೆ ಕುಸಿದು ಹಿಂದಿರುಗಬೇಕಾದ ಸಂದರ್ಭಕ್ಕೆಂದು ಐದು ಲೀಟರಿನ ಒಂದು ಕ್ಯಾನು ಇರಲಿ. ಎರಡು ಬೇಡ. ಪೆಟ್ರೋಲಿಗೆಂದೇ ಮಾಡಿದ ಕ್ಯಾನನ್ನು ಕೊಳ್ಳಿ, ನೀರಿನ ಬಾಟಲಿ ಸಲ್ಲದು. ಟಾಂಡಿಯವರೆಗೆ ಖಾಲಿಯಾಗಿಯೇ ಒಯ್ಯಿರಿ, ಅಲ್ಲಿ ತುಂಬಿಸುವಾಗ ಕಂಠದವರೆಗೆ ತುಂಬಬೇಡಿ, ಎತ್ತರಕ್ಕೆ ಹೋದಂತೆ ಆವಿ ಒತ್ತುತ್ತದೆ. ತುಂಬಿದ ಕ್ಯಾನು ನಾಲ್ಕು ಕಿಲೊದಷ್ಟಾಗುವುದರಿಂದ ಮುಂದಿನ ಕಂಬಿಯ ಒಂದು ಬದಿಗೆ ಅದನ್ನು, ಇನ್ನೊಂದು ಬದಿಗೆ ಟ್ಯೂಬು ಮತ್ತು ಪಾನಾಗಳನ್ನು ಇಟ್ಟು ಸರಿದೂಗಿಸಿ.

ಸಾಮಾನು ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ಬೈಕನ್ನೂ ಆ ಭಾರಕ್ಕೆ ಹೊಂದಿಸಬೇಕು. ಹಿಂದಿನ ಶಾಕ್ ಅಬ್ಸಾರ್ಬರಿನ ಪ್ರಿಲೋಡನ್ನು, ಅಂದರೆ ಸ್ಪ್ರಿಂಗಿನ ಬಿಗಿತವನ್ನು, ಕೊಕ್ಕೆ ಪಾನಾದಿಂದ ಹೆಚ್ಚಿಸಿ. ಇದನ್ನು ಮಾಡದಿದ್ದರೆ ಹಿಂಭಾಗ ಕುಗ್ಗಿ ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಇನ್ನೊಂದು ತೊಂದರೆಯನ್ನು ಬಹಳ ಮಂದಿ ಗಮನಿಸಿರುವುದಿಲ್ಲ: ಬೈಕು ಕುಗ್ಗಿದಾಗ ಸೈಡ್ ಸ್ಟ್ಯಾಂಡ್ ಉದ್ದವಾದಂತೆ ಆಗಿ, ಬೈಕು ವಾಲದೆ ನೆಟ್ಟಗೆ ನಿಂತು, ಸ್ವಲ್ಪ ಗಾಳಿಗೂ ಬಲಕ್ಕೆ ಉರುಳಬಹುದು. ಟೈರಿನ ಗಾಳಿಯನ್ನು ಕೈಪಿಡಿಯಲ್ಲಿ ಇಬ್ಬರ ಸವಾರಿಗೆಂದು ಕೊಟ್ಟ ಅಂಕಿಗೆ ಏರಿಸಿ. ಭಾರ ಬಿದ್ದಾಗ ಚೈನು ಬಿಗಿಯಾಗುತ್ತದೆ, ಆದ್ದರಿಂದ ಅದರ ಸಡಿಲವನ್ನು ಇಬ್ಬರೂ ಕುಳಿತಿರುವಾಗ ಮೂರನೆಯವರೊಬ್ಬರಿಂದ ನೋಡಿಸಿ.

ರೈಲಿಗೆ ಹಾಕುವ ಮೊದಲು ಟ್ಯಾಂಕನ್ನು ಖಾಲಿ ಮಾಡಲೇಬೇಕು, ನೋಂದಣಿ ಪತ್ರದ ಪ್ರತಿಯೂ ಕೈಯಲ್ಲಿರಲಿ. ಚೀಲಗಳನ್ನೆಲ್ಲ ಬಿಚ್ಚಿ ನಿಮ್ಮ ಜೊತೆಯಲ್ಲಿಯೇ ಒಯ್ಯಿರಿ. ರ‍್ಯಾಕಿನ ಮೂಲೆಗಳಿಗೆ ಗೋಣಿ ಸುತ್ತಿ, ಪಾರ್ಸೆಲ್ ಬೋಗಿಯಲ್ಲಿ ಪಕ್ಕದ ಬೈಕುಗಳಿಗೂ ಕ್ಷೇಮ.

ಅದಕ್ಕೂ ಮುನ್ನ ಪೂರ್ತಿ ಸಾಮಾನು ಹೇರಿಕೊಂಡು ಇಬ್ಬರೂ ಮಡಿಕೇರಿ, ಭಾಗಮಂಡಲದ ಮೇಲೆ ತಲಕಾವೇರಿಗೆ ಒಮ್ಮೆ ಹೋಗಿ ಬನ್ನಿ. ಏರು, ತಿರುವು, ಕೆಟ್ಟ ರಸ್ತೆ ಎಲ್ಲವೂ ಆ ದಾರಿಯಲ್ಲಿ ಸಿಗುತ್ತದೆ. ಸಾಧ್ಯವಾದರೆ ಮಳೆಯ ದಿನವನ್ನೇ ಆರಿಸಿಕೊಳ್ಳಿ, ಚೀಲದ ಯಾವ ಹೊಲಿಗೆಯಲ್ಲಿ ನೀರು ಇಳಿಯುತ್ತದೆ ಎಂಬುದೂ ತಿಳಿಯುತ್ತದೆ. ಹಿಂದಿರುಗಿದ ಮೇಲೆ ರ‍್ಯಾಕಿನ ಬೋಲ್ಟುಗಳ ಸ್ಥಿತಿಯನ್ನೂ ಬಲಬದಿಯ ಚೀಲದ ತಳವನ್ನೂ ನೋಡಿ ಇಲ್ಲಿ ಬರೆಯಿರಿ. ಸೈಲೆನ್ಸರಿನ ಕಾವು ತಾಗಿದ ಗುರುತಿದ್ದರೆ ತಗಡಿನ ತಡೆಯೊಂದನ್ನು ಯಾವ ಅಳತೆಗೆ ಮಾಡಿಸಬೇಕೆಂದು ಹೇಳುತ್ತೇನೆ.